ಬಲಹೆಗಲು

ಕಾಜುಬಾಗದ ಬೇಕರಿಯ ಪಕ್ಕದ ಮೆಟ್ಟಿಲ ಬುಡದತನಕ
ಮೂರು ಸಲ ಹೋಗಿ, ಮೂರು ಸಲವೂ
ಖಾರಿ ಬಿಸ್ಕೀಟು ಕಟ್ಟಿಸಿಕೊಂಡು ವಾಪಸು ಬಂದಿದ್ದೆ.
ಮೇಲೆ ಬೋರ್ಡು: ಕಮಲದ ಹೂ, ಕಣ್ಣು ಮುಚ್ಚಿದ ಹೆಂಗಸು.
ಸ್ಪಾ ಅಂದರೆ ಊರು ಏನಂದುಕೊಳ್ಳುತ್ತದೋ
ಅದನ್ನೆಲ್ಲ ನನ್ನ ಬಸ್ಸಿನಲ್ಲೇ ಕೇಳಿದ್ದೇನೆ,
ಕೊನೆಯ ಸೀಟಿನಿಂದ, ಅಂಕೋಲೆ ಬರುವತನಕ.

ನಾಲ್ಕನೆಯ ಸಲ ಮಂಗಳವಾರ, ವಾರದ ರಜೆ.
ಗಾಜಿನ ಬಾಗಿಲು. ಒಳಗೆ ಫ್ರಿಜ್ಜಿನಂಥ ತಂಪು.
ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಅದೇ ಸಂಗೀತವಂತೆ;
ಯಾರೋ ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ ಅಂದುಕೊಂಡೆ.

ದರಪಟ್ಟಿ ಕೊಟ್ಟರು. ಸ್ವೀಡಿಷ್, ಥಾಯ್, ಬಾಲಿನೀಸ್:
ಒಂದೂ ನನ್ನ ಮಷೀನಿನಲ್ಲಿಲ್ಲದ ಸ್ಟೇಜು.
ಪೂರ್ತಿ ಮೈಗೆ ಎರಡು ಸಾವಿರದ ಇನ್ನೂರು,
ಬೆನ್ನು ಹೆಗಲಿಗೆ ಮಾತ್ರ ಒಂಬೈನೂರ ಐವತ್ತು.
ಪೂರ್ತಿ ಮೈಯಲ್ಲಿ ಯಾವುದನ್ನು ಬಿಟ್ಟರೆ
ಒಂದು ಸಿಲಿಂಡರು ಬರುತ್ತದೆ ಎಂದು ಲೆಕ್ಕ ಹಾಕಿ
ಬೆನ್ನು ಹೆಗಲು ಅಂದೆ.
ಕಾಲುಗಳಿಗೆ ಮನಸ್ಸಿನಲ್ಲೇ ಹೇಳಿದೆ:
ಹಿಂದಿನ ಗಾಡಿ ಖಾಲಿ ಬರ್ತಾ ಇದೆ, ಅದಕ್ಕೆ ಬನ್ನಿ.

ಎಣ್ಣೆ ಕೊಬ್ಬರಿಯದೇ ಅಲ್ವಾ ಅಕ್ಕಾ, ಅಂದಳು ಕೌಂಟರಿನ ಹುಡುಗಿ,
ನಿಮ್ಮ ವಯಸ್ಸಿನವರು ಅದನ್ನೇ ಕೇಳ್ತಾರೆ.
ಬೇಡವೇ ಬೇಡ. ಅದು ಏಳೂ ಮುಕ್ಕಾಲರ ಬಸ್ಸು;
ಎಪ್ಪತ್ತು ತಲೆ, ಎರಡು ಬುಟ್ಟಿ ತಾರ್ಲೆ, ಕಿಟಕಿ ಜಾಮು.
ನನ್ನ ಮೂಗಿಗೆ ಗುರುತೇ ಇಲ್ಲದ್ದು ಯಾವುದಾದರೂ ಕೊಡು.

ಫಾರ್ಮು ತುಂಬಿದೆ. ಹೆಸರು ದರ್ಶನಾ ತಳೇಕರ. ವಯಸ್ಸು ನಲವತ್ತೇಳು.
ಬಿಪಿ ಇದೆ. ಶುಗರ್ ನೋಡಿಸಿಲ್ಲ.
ಉದ್ಯೋಗ ಅಂದಲ್ಲಿ ನಿರ್ವಾಹಕಿ ಎಂದು ಬರೆದು
ಹೊಡೆದುಹಾಕಿ
ನಿಂತಿರುವುದು ಎಂದು ಬರೆದೆ.

ಕೋಣೆಯಲ್ಲಿ ಅರೆಗತ್ತಲು. ಮಂಚದ ತುದಿಗೆ
ಮುಖ ಇಡಲು ಒಂದು ತೂತು. ಅದರೊಳಗಿಂದ ಕಾಣುವುದು
ಒಂದು ಜೊತೆ ಪಾದ, ನೀಲಿ ಹವಾಯಿ ಚಪ್ಪಲಿ.
ಪಾದಗಳ ಒಡತಿ ಝೋತಾನ್‌ಪುಯಿ, ಮಿಜೋರಾಮಿನವಳು,
ಮೂರು ವರ್ಷ ಕಾಣಕೋಣದಲ್ಲಿದ್ದು ಈಚೆಗೆ ಗಡಿ ದಾಟಿದವಳು.
ಅವಳಿಗೆ ಕನ್ನಡ ಬಾರದು. ನನಗೆ ಹಿಂದಿ ಅಷ್ಟಕ್ಕಷ್ಟೆ.
ಅಂಗೈ ಉಜ್ಜುವ ಸದ್ದಾಯಿತು.
ಹೆಗಲಿಗೆ ಬಿಸಿ ಬಂತು, ಕೈ ಬರಲಿಲ್ಲ.
ಆಮೇಲೆ ಕೊಂಕಣಿಯಲ್ಲಿ, ನನ್ನ ಅಮ್ಮನ ಕೊಂಕಣಿಯಲ್ಲಿ,
ಹಾತ್ ಲಾವೂಂ? ಅಂದಳು.
ಕೈ ಇಡಲೇ?

ಇಪ್ಪತ್ತೆರಡು ವರ್ಷ.
ಮೊಣಕೈ, ಕೊಡೆಯ ಕಡ್ಡಿ, ಶಾಲೆಯ ಚೀಲ,
ಬ್ರೇಕು ಹೊಡೆದಾಗ ಮೈಮೇಲೆ ಬಂದು ಬಿದ್ದವರು,
ಬ್ರೇಕು ಹೊಡೆಯದಿದ್ದಾಗಲೂ ಬಂದು ಬಿದ್ದವರು,
ಟಿಕೇಟು ಪುಕ್ಕಟೆ ಆದಮೇಲಂತೂ ಕಾಲಿಡಲು ಜಾಗವಿಲ್ಲದೆ
ನನ್ನ ಬೆನ್ನನ್ನೇ ಕಂಬ ಮಾಡಿಕೊಂಡು
ಅಮದಳ್ಳಿಯತನಕ ನಿದ್ದೆ ಹೋದ ಒಬ್ಬಳು ಅಜ್ಜಿ.
ಒಬ್ಬರಾದರೂ ಕೇಳಿದ್ದರೆ.
ಅಜ್ಜಿಯ ಮೇಲೆ ತಕರಾರಿಲ್ಲ.

ಲಾಯ್, ಅಂದೆ. ದನಿ ಬಸ್ಸಿನದೇ ಬಂತು, ಜೋರಾಗಿ.

ಚೀಲದ ಪಟ್ಟಿ ಕೂರುವ ಜಾಗ ಅವಳ ಹೆಬ್ಬೆರಳಿಗೆ
ಹೇಳದೆಯೇ ಸಿಕ್ಕಿತು. ಅಲ್ಲೊಂದು ಗಂಟು.
ಎಷ್ಟು ಬೇಯಿಸಿದರೂ ಬಾಯಿ ಬಿಡದ ಒಂದು ತಿಸ್ರಿ
ಪ್ರತಿ ಪಾತ್ರೆಯಲ್ಲೂ ಇರುತ್ತದಲ್ಲ, ಅಂಥದ್ದು.
ಮನೆಯಲ್ಲಾದರೆ ಬಿಸಾಡುತ್ತೇವೆ. ಅವಳು
ಅದರ ಸುತ್ತ ಸುತ್ತಿದಳು, ಒತ್ತಿದಳು, ಕಾದಳು, ಮತ್ತೆ ಒತ್ತಿ
ದುಕ್ತಾ? ಎಂದು ಕೇಳಿದಳು.
ನೋವಿಲ್ಲ ಅನ್ನುವುದು ನನಗೆ ಎರಡೂ ಭಾಷೆಯಲ್ಲಿ ಬಾಯಿಪಾಠ.
ನಾ, ಅಂದೆ.
ನೀಲಿ ಚಪ್ಪಲಿಯ ಪಕ್ಕ, ನೆಲದ ಮೇಲೆ,
ಟಪ್ಪೆಂದು ಒಂದು ಹನಿ ಬಿತ್ತು.
ಇನ್ನೊಂದು.
ಯಾರೋ ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ.

ಗಂಟು ಪೂರ್ತಿ ಹೋಗಲಿಲ್ಲ. ಅರ್ಧ ಹೋಯಿತೇನೋ.
ಎದ್ದು ಸೀರೆ ಉಟ್ಟು ಕೌಂಟರಿನಲ್ಲಿ ಸಾವಿರ ಕೊಟ್ಟೆ.
ಐವತ್ತು ಚಿಲ್ಲರೆ ಇಲ್ವಲ್ಲಾ ಅಕ್ಕಾ, ಅಂದಳು ಹುಡುಗಿ,
ನಾನು ದಿನಕ್ಕೆ ನೂರು ಸಲ ಮಾಡುವ ಅದೇ ಮುಖ ಮಾಡಿಕೊಂಡು.
ಬಿಲ್ಲಿನ ಹಿಂದೆ ಬರೆದುಕೊಡು ತಂಗೀ,
ಇಳಿಯುವಾಗ ತಗೊಳ್ತೇನೆ.

ಕೆಳಗೆ ಬೇಕರಿಯವನು ನನ್ನನ್ನು ಕಂಡದ್ದೇ
ಖಾರಿ ಕಟ್ಟಲು ಪೇಪರು ಎತ್ತಿಕೊಂಡ.
ಇವತ್ತು ಬೇಡ ಅಂದೆ.