ಕೆಳಮನೆಯ ಲೆಕ್ಕ

ಸಕ್ಕರೆ ಗಡಿಯಲ್ಲಿ ನಿಂತಿದೆ, ಇನ್ನೂ ದಾಟಿಲ್ಲ,
ಎಂದರು ಡಾಕ್ಟರಮ್ಮ, ಕನ್ನಡಕದ ಮೇಲಿಂದ,
ವೀಸಾ ಕೊಡುವವರ ಹಾಗೆ.

ಮೊದಲು ಮನೆಯಲ್ಲೇ ಶುರುಮಾಡಿದೆ.
ಸೋಫಾ ಸರಿಸಿ ಹಳೆಯ ಜಮಖಾನ ಹಾಸಿದೆ.
ತೂಕಕ್ಕೆ ಹತ್ತು ಕಿಲೋ ಸೋನಾ ಮಸೂರಿ ಚೀಲ,
ಮಗುವಿನಂತೆ ಎದೆಗವಚಿ ಇಪ್ಪತ್ತು ಬಸ್ಕಿ.
(ಶಾಲೆಯಲ್ಲಿ ಕಿವಿ ಹಿಡಿದು ಹೊಡೆದದ್ದು ಲೆಕ್ಕಕ್ಕಿಲ್ಲ.)
ವಾರ ಕಳೆದಂತೆ ಚೀಲ ಹಗುರಾಯಿತು.
ಬಲ ಬಂತೆಂದು ಹಿಗ್ಗಿದೆ, ಮೂರು ದಿನ;
ಇಳಿದ ಅಕ್ಕಿ ಎಲ್ಲಿ ಹೋಯಿತೆಂದು
ಸೊಂಟ ಹೇಳಿತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.
ಈ ಮನೆಯ ನೆಲ ನಿಜಕ್ಕೂ ಡೊಂಕು:
ಸ್ವಾನ್ಸಿಯ ಟೌನ್‌ಹಿಲ್ಲಿನ ನೆತ್ತಿ, ನೂರು ವರ್ಷದ ಹಲಗೆ,
ನಿಂಬೆಹಣ್ಣು ಬಿದ್ದರೆ ತಾನೇ ಸಮುದ್ರದ ಕಡೆ ಹೊರಡುತ್ತದೆ.
ಒಂದೊಂದು ಬಸ್ಕಿಗೂ ಹಲಗೆ ನರಳುತ್ತದೆ.
ಹಲಗೆಯ ಕೆಳಗೆ ಗೆದಿನ್ ಪ್ರೋಬರ್ಟ್,
ಒಂಟಿ ಮನುಷ್ಯ, ಮಾತು ಕಡಿಮೆ,
ಕಸದ ಡಬ್ಬಿ ಹೊರಗಿಡುವ ದಿನ ಮಾತ್ರ ಗುಡ್ ಮಾರ್ನಿಂಗ್.

ಒಂದು ಬೆಳಿಗ್ಗೆ ನಾನು ಹದಿನಾಲ್ಕರಲ್ಲಿದ್ದಾಗ
ಕೆಳಗಿನಿಂದ ಕೋಲು: ದಡ್, ದಡ್.

ಚೀಲ ಕೆಳಗಿಟ್ಟೆ, ಮೊಟ್ಟೆ ಇಟ್ಟ ಹಾಗೆ.
ದಿನವಿಡೀ ತುದಿಗಾಲಲ್ಲಿ ನಡೆದೆ,
ಕುಕ್ಕರು ಕೂಗೀತೆಂದು ಅನ್ನ ಬಾಣಲೆಯಲ್ಲಿ ಬೇಯಿಸಿದೆ.
ಸಂಜೆಯೇ ಜಿಮ್ಮಿಗೆ ಸೇರಿದೆ.

ಸ್ಟೇಷನ್ ಹತ್ತಿರ, ಮೊದಲು ಕಾರ್ಪೆಟ್ ಅಂಗಡಿಯಾಗಿದ್ದ ಕಟ್ಟಡ,
ತಿಂಗಳಿಗೆ ಇಪ್ಪತ್ತೆರಡು ಪೌಂಡು.
ಹೇಳಬೇಕು: ನನ್ನ ಅಜ್ಜನಿಗೆ ರಾಣೆಬೆನ್ನೂರಿನಲ್ಲಿ ಗರಡಿಯಿತ್ತು.
ಬಾಗಿಯೇ ಹೋಗಬೇಕಾದ ಗಿಡ್ಡ ಬಾಗಿಲು,
ಎಣ್ಣೆ, ಮಜ್ಜಿಗೆ ಕುಡಿದ ಕೆಮ್ಮಣ್ಣಿನ ವಾಸನೆ.
ಹೆಣ್ಣುಮಕ್ಕಳು ಹೊಸ್ತಿಲ ತನಕ.
ಹಾಲಿನ ತಂಬಿಗೆ ಹಿಡಿದು ನಿಂತು
ಒಳಗಿನ ಉಸಿರು ಮಾತ್ರ ಕೇಳಿದ್ದೆ.
ಇಲ್ಲಿ ಕಾರ್ಡು ತೋರಿಸಿದರೆ ಹಸಿರು ದೀಪ,
ಬಾಗಿಲು ತಾನೇ ಸರಿಯುತ್ತದೆ.
ಮೊದಲ ದಿನ ಬಾಗಿ ಒಳಹೋದೆ.
ಏನಾದರೂ ಬಿತ್ತಾ ಅಂತ ಕೇಳಿದಳು ಕೌಂಟರಿನ ಹುಡುಗಿ.

ಮಣ್ಣಿಲ್ಲ. ಕನ್ನಡಿಗಳಿವೆ,
ಐವತ್ಮೂರು ವರ್ಷದ ನನ್ನನ್ನು ನಾಲ್ಕು ದಿಕ್ಕಿನಿಂದ ತೋರಿಸುವಂಥವು.
ಯಾರೂ ಯಾರನ್ನೂ ನೋಡುವುದಿಲ್ಲ; ಎಲ್ಲರ ಕಿವಿಗೂ ಬಿರಡೆ.
ಆದರೂ ನಲವತ್ತು ಕಿಲೋ ನೆಲ ಬಿಟ್ಟು ಎದ್ದ ದಿನ
ಪಕ್ಕದ ಹಚ್ಚೆಯ ಹುಡುಗ ಒಂದು ಕಿವಿಯ ಬಿರಡೆ ತೆಗೆದು
ತಲೆಯಾಡಿಸಿದ. ಅಷ್ಟೇ.
ಬಸ್‌ಸ್ಟಾಪಿನಲ್ಲಿ ನಿಂತು ಅಜ್ಜನಿಗೆ ಹೇಳಿದೆ.

ಬಸ್ಸಿನ ವಿಷಯ ಕೇಳಬೇಡಿ.
ಆಡೂ ಒಮ್ಮೆ ನಿಂತು ಸುಧಾರಿಸಿಕೊಳ್ಳುವ ಏರು ನಮ್ಮದು.
ಅದನ್ನು ಕೂತು ಇಳಿದು,
ಕಾಸು ಕೊಟ್ಟು ರಬ್ಬರಿನ ಗುಡ್ಡ ಹತ್ತಿ,
ಎಲ್ಲೂ ತಲುಪದೆ,
ಮತ್ತೆ ಕೂತು ಮನೆಗೆ ಏರುತ್ತಿದ್ದೆ.

ಮೂರನೇ ವಾರ, ಕಸದ ದಿನ, ಸೋನೆ.
"ನಿಲ್ಲಿಸಿದಿರಾ?" ಎಂದ ಪ್ರೋಬರ್ಟ್.
ಹೊಸ ಮಂಡಿಯಂತೆ ಅವನಿಗೆ, ಫೆಬ್ರವರಿಯಲ್ಲಿ ಹಾಕಿದ್ದು.
ದಿನಕ್ಕೆ ಇಪ್ಪತ್ತು ಸಲ ಕುರ್ಚಿಯಿಂದ ಏಳಬೇಕು, ಕೂರಬೇಕು.
ಒಬ್ಬನೇ ಆದರೆ ಆರಕ್ಕೇ ಬೇಸರ.
ನನ್ನ ಸದ್ದಿನ ಜೊತೆ ಏಳುತ್ತಿದ್ದನಂತೆ, ಕೂರುತ್ತಿದ್ದನಂತೆ.
"ಆ ದಿನ ಕೋಲು?" ಅಂದೆ.
"ಸ್ವಲ್ಪ ನಿಧಾನ ಅಂತ," ಅಂದ,
ಡಬ್ಬಿಯ ಮುಚ್ಚಳ ಸರಿಮಾಡುತ್ತಾ.

ಕಾರ್ಡು ಇನ್ನೂ ಇದೆ. ಶನಿವಾರ ಹೋಗುತ್ತೇನೆ,
ಕಬ್ಬಿಣಕ್ಕೆ, ಆ ಹುಡುಗನ ತಲೆಯಾಟಕ್ಕೆ,
ಮುಗಿಯದ ಬಿಸಿನೀರಿಗೆ.
ಉಳಿದ ದಿನ ಏಳೂವರೆಗೆ ಜಮಖಾನ.
ಹೊಸ ಚೀಲ ತಂದಿದ್ದೇನೆ;
ಬಿಚ್ಚಬಾರದೆಂದು ಹೊಲಿಗೆಯ ಮೇಲೆ ಟೇಪು.
ಗಟ್ಟಿಯಾಗಿ ಎಣಿಸುತ್ತೇನೆ, ಕನ್ನಡದಲ್ಲಿ,
ಹಲಗೆ ದಾಟುವಷ್ಟು.

ನಿನ್ನೆ ತೊಡೆ ನಡುಗಿತು.
ಹದಿನೇಳಾದ ಮೇಲೆ ಇಪ್ಪತ್ತು ಅಂದುಬಿಟ್ಟೆ.

ಕೆಳಗಿನಿಂದ ಕೋಲು.
ಮೂರು ಸಲ.