ಎಂಟರ ಮೇಲೆ

ಲೆಕ್ಕ ಕಲಿತದ್ದು ನಾನು ಅಪ್ಪನ ಕೈಮೇಲೆ.
ಎಡಗೈಗೆ ಐದು, ಬಲಗೈಗೆ ಮೂರು.
ಉಂಗುರಬೆರಳು, ಕಿರುಬೆರಳು ಎರಡನ್ನೂ
ಲಡಾಖಿನ ಹಿಮ ಇಟ್ಟುಕೊಂಡಿತ್ತು.
ಎಂಟಾದ ಮೇಲೆ ಅವನ ಮೂಗು ಮುಟ್ಟಬೇಕು: ಒಂಬತ್ತು.
ಗದ್ದ ಹಿಡಿದರೆ ಹತ್ತು.
ಸಾಲಿಯಲ್ಲಿ ಮಾಸ್ತರರು ಹತ್ತು ತೋರಿಸು ಅಂದಾಗ
ಅವರ ಗದ್ದಕ್ಕೇ ಕೈ ಹಾಕಿ
ಬೀದರಿನ ನಮ್ಮ ಓಣಿಗೆಲ್ಲ ಸುದ್ದಿಯಾದೆ.

ಹವಾಲ್ದಾರ್ ತುಳಜಪ್ಪ, ಸಿಗ್ನಲ್ಸ್.
ಕರಿ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ
ನಂಬರು ಮೊದಲು, ಹೆಸರು ಆಮೇಲೆ.
ಬಂದೂಕಿನ ಕಥೆ ಹೇಳೆಂದರೆ ತಂತಿಯ ಕಥೆ ಹೇಳುವನು:
ಅಷ್ಟು ಚಳಿಗೆ ತಂತಿ ಬಳೆಯ ಹಾಗೆ ಒಡೆಯುತ್ತದೆ,
ಕಡಿದದ್ದೆಲ್ಲಿ ಎಂದು ಕಣ್ಣಿಗೆ ಕಾಣುವುದಿಲ್ಲ,
ಕೈಯಲ್ಲಿ ಹಿಡಿದು ನಡೆಯುತ್ತ ಹೋಗಬೇಕು
ತುದಿ ಸಿಗುವ ತನಕ.
"ಸಿಕ್ತೇನಪಾ?"
"ಸಿಕ್ತು. ಅದಕ್ಕೇ ಎಂಟು."
ಅಷ್ಟೇ. ಎದ್ದು, ನಳದಾಗ ನೀರು ಬಂತೇನೋ ನೋಡಲು ಹೋಗುವನು.

ಮೂವರು ಹೆಣ್ಣುಮಕ್ಕಳು ನಾವು. ಅವ್ವ ಸೋನಾಬಾಯಿ
ಮುಂಜಾನೆ ಜೋಳದ ಹಿಟ್ಟಿನಲ್ಲಿ ಮೊಣಕೈತನಕ ಇರುವಳು,
ತಲೆ ಬಾಚುವ ಡ್ಯೂಟಿ ಅಪ್ಪನದು.
ಸಾಲಾಗಿ ಕೂಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ,
ಮೂರೆಳೆ ತೆಗೆದು ಕೇಬಲ್ ಹೆಣೆದಂತೆ ಹೆಣೆದರೆ
ಸಂಜೆ ಕುಂಟೆಬಿಲ್ಲೆ ಆಡಿ ಬಂದರೂ ಒಂದು ಕೂದಲು ಜರುಗದು.
ಬಿಚ್ಚುವಾಗ ಮಾತ್ರ ಅಳು ಬರುವುದು.
ತುದಿಗೆ ರಿಬ್ಬನ್ ಬಿಗಿದು, ಜಡೆಯನ್ನು ಬಾಯಿಗೆ ತಂದು
"ಹಲೋ, ಹಲೋ, ಕೇಳಸ್ತದೇನು?"
ಕೇಳಸ್ತದ ಅನ್ನದೆ ಯಾರೂ ಹೊಸ್ತಿಲು ದಾಟುವಂತಿಲ್ಲ.

ನಮ್ಮ ತಗಡಿನ ಮೇಲೆ ದಿನವಿಡೀ ತರಬೇತಿಯ ವಿಮಾನಗಳು.
ಡಬ್ಬಿಗಳು ನಡುಗಿ ಅವ್ವ ಶಾಪ ಹಾಕಿದರೆ
"ಬೈಬ್ಯಾಡ, ಹುಡುಗುರು ಕಲೀಲಾಕತ್ತಾರ."
ನಾನು ರೊಟ್ಟಿ ಸುಟ್ಟಾಗಲೂ ಅದೇ ಮಾತು.
ಅಕ್ಕ ಹುಮನಾಬಾದಿನಿಂದ ಕೆನ್ನೆ ಮುಚ್ಚಿಕೊಂಡು ಬಂದಾಗ
ಬಸ್ಸು ಹಿಡಿದು ಹೋಗಿ ಅಳಿಯನ ಎದುರು ಕೂತು
ಚಹಾ ಮುಟ್ಟದೆ ಹೇಳಿದನಂತೆ:
"ಕಲೀಲಾಕತ್ತೀ ಅಂತ ತಿಳೀತೀನಿ.
ಇನ್ನೊಮ್ಮೆ ಆದ್ರ ಕಲಸಾಕ ನಾ ಬರ್ತೀನಿ."

ಪೂರ್ತಿ ಸಮಾಧಾನದ ಮನುಷ್ಯ ಎಂದರೆ ಸುಳ್ಳಾದೀತು.
ಊಟ ಐದು ನಿಮಿಷ ತಡವಾದರೆ ತಾಟು ಹಾಗೇ ಉಳಿಯುತ್ತಿತ್ತು.
ಕೆಲವು ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು
ಅಂಗಳದ ಬಟ್ಟೆ ತಂತಿಯನ್ನು ಬರಿಗೈಯಲ್ಲಿ ಹಿಡಿದು
ಈ ಗೋಡೆಯಿಂದ ಆ ಗೋಡೆಗೆ ನಡೆಯುವನು.
ಅವ್ವ ಬಾಗಿಲಲ್ಲಿ ನಿಂತಿರುವಳು.
ಕರೆಯುತ್ತಿರಲಿಲ್ಲ. ಮಲಗುತ್ತಲೂ ಇರಲಿಲ್ಲ.

ಮಾಜಿ ಸೈನಿಕರ ಸಂಘದಿಂದ ನಾಲ್ವರು ಬಂದು ಸೆಲ್ಯೂಟ್ ಹೊಡೆದರು,
ಒಬ್ಬರಿಗೆ ಮೊಣಕಾಲು ನೆಟ್ಟಗಾಗಲಿಲ್ಲ.
ನಾವು ಮೂವರೂ ಅವತ್ತು ಜಡೆ ಹೆಣೆದಿರಲಿಲ್ಲ.

ಪ್ರತಿ ನವೆಂಬರಿನಲ್ಲಿ ಅಂಗಿಗೆ ಇಸ್ತ್ರಿ ಹಾಕಿ
ತಾನು ಬದುಕಿದ್ದೇನೆಂದು ಬ್ಯಾಂಕಿಗೆ ತೋರಿಸಿ ಬರುತ್ತಿದ್ದ.
"ಹಾಜರಿ ಹಾಕಿ ಬಂದೆ" ಎಂದು ಚಪ್ಪಲಿ ಬಿಡುತ್ತಿದ್ದ.
ಅವನು ಹೋದ ಮರುವರ್ಷ ಆ ಸಾಲಿನಲ್ಲಿ ಅವ್ವ.
ಹೆಬ್ಬೆರಳು ಇಟ್ಟಳು. ಕೆಂಪು ದೀಪ.
ಒರೆಸಿ ಇಟ್ಟಳು. ಕೆಂಪು.
ನಲವತ್ತು ವರ್ಷ ರೊಟ್ಟಿ ಬಡಿದ ಕೈ,
ಗೆರೆಗಳೆಲ್ಲ ಹೆಂಚಿಗೆ ಹೋಗಿವೆ.
ಕ್ಲರ್ಕ್ ಹುಡುಗ ಬೆವರಿ ಮಷೀನಿಗೆ ಎರಡು ಬಿಟ್ಟ.
"ಇರ್ಲಿ ಬಿಡಪಾ, ಕಲೀಲಾಕತ್ತದ" ಅಂದಳು ಅವ್ವ.
ಬೇರೆ ಬೆರಳು ಇಡಿ ಅಮ್ಮ, ಇನ್ನೊಂದು, ಇನ್ನೊಂದು.
ಅವಳ ಬೆನ್ನ ಹಿಂದೆ ನಿಂತು ನಾನು ಎಣಿಸುತ್ತಿದ್ದೆ.
ಎಂಟಕ್ಕೂ ಇಲ್ಲ.
ಒಂಬತ್ತಕ್ಕೆ ಹಸಿರು ಹತ್ತಿತು.
ನನ್ನ ಕೈ ತಾನಾಗಿ ಎದ್ದು, ಗಾಳಿಯಲ್ಲಿ ಒಂದು ಮೂಗು ಹುಡುಕಿ,
ಕೆಳಗಿಳಿಯಿತು.

ಹುಡುಗ ಕಾಗದ ಕೊಟ್ಟ.
ಅವ್ವ ಬದುಕಿದ್ದಾಳೆ ಎಂದು ಬರೆದಿತ್ತು.
ಮಡಚಿ ಬ್ಲೌಸಿನಲ್ಲಿ ಇಟ್ಟುಕೊಂಡಳು.