ಹದಿನಾಲ್ಕು ಸೀಟಿ

ಮೊದಲೇ ಹೇಳಿಬಿಡುತ್ತೇನೆ: ಇದು ತಾರ್ ಅಲ್ಲ.
ತಾರನ್ನು ಮುಟ್ಟಿದರೆ ಜೈಲು, ಅದು ಸರ್ಕಾರದ ಪ್ರಾಣಿ.
ಇದು ಖಲ್ಫಾನ್ ಮುದುಕನ ಹೋತ,
ನಾಲ್ಕು ವರ್ಷದ ಹಿಂದೆ ಹಗ್ಗ ಹರಿದುಕೊಂಡು
ಅಲ್ ಹಮ್ರಾದ ಮೇಲಿನ ಬಂಡೆ ಹತ್ತಿದ್ದು
ಇಳಿಯಲೇ ಇಲ್ಲ.
ಕೆಳಗೆ ರಸ್ತೆ ಕೊರೆಯುವ ನಮಗೆ
ಸಂಜೆಹೊತ್ತು ಅಂಚಿನಲ್ಲಿ ಕಾಣುತ್ತಿತ್ತು, ಬರೀ ಕೊಂಬು, ಬರೀ ಗಡ್ಡ,
ಮೇಸ್ತ್ರಿಯ ಹಾಗೆ ನಮ್ಮ ಕೆಲಸ ನೋಡುತ್ತಾ.

ಈ ಸಲ ಹಬ್ಬದ ಹಿಂದಿನ ವಾರ
ಬೆದೆಗೆ ಬಂದ ಮೇಕೆಗಳ ವಾಸನೆ ಹಿಡಿದು
ತಾನಾಗಿ ಇಳಿಯಿತು. ಸಿಕ್ಕಿತು.
"ನೀನು ಕುರಿ ಕಾಯುವವನ ಮಗ ಅಲ್ಲವಾ" ಎಂದು
ಮುದುಕ ನನ್ನನ್ನೇ ಕರೆದ,
ಕ್ಯಾಂಪಿನ ಅಡಿಗೆಯವ, ಕುಕನೂರು ಕಡೆಯ ಹುಲಿಗೆಪ್ಪನನ್ನು.

ಬೆದೆಯ ಹೋತವನ್ನು ಯಾರೂ ತಿನ್ನುವುದಿಲ್ಲ ಎಂದೆ.
"ತಿನ್ನುತ್ತಾರೆ," ಅಂದ, "ನಿಧಾನವಾಗಿ."

ಬಿಸ್ಮಿಲ್ಲಾ ಹೇಳಿ ಕೊಯ್ದದ್ದು ಅವನ ಮೊಮ್ಮಗ. ಸುಲಿದದ್ದು ನಾನು.
ಒಂದು ಕೈ ತೊಗಲಿಗೆ, ಒಂದು ಕೈ ಮಾಂಸಕ್ಕೆ.
ಕೂದಲು ಮುಟ್ಟಿದ ಕೈ ಮಾಂಸ ಮುಟ್ಟಿದರೆ
ಏಳು ನೀರಿಗೂ ಹೋಗದ ಗಬ್ಬು.
ಅಪ್ಪ ಕಲಿಸಿದ್ದು ಅದೊಂದೇ, ಅದೂ ಮಾತಿನಲ್ಲಲ್ಲ,
ಚೂರಿಯ ಹಿಡಿಯಿಂದ ಮುಂಗೈಗೆ ಹೊಡೆದು.
ಕೊಬ್ಬೇ ಇಲ್ಲ. ಮಾಂಸ ಕೆಂಪೂ ಅಲ್ಲ,
ನೇರಳೆಹಣ್ಣು ತಿಂದ ನಾಲಗೆಯ ಬಣ್ಣ.
ಹೊಟ್ಟೆಯಲ್ಲಿ ಅರೆ ಅಗಿದ ಕಾಡು ಆಲಿವ್ ಎಲೆ,
ಮುಳ್ಳುಮರದ ಕಾಯಿ, ಹೆಸರು ತಿಳಿಯದ ಒಂದು ಸೊಪ್ಪು,
ಓಮದಂಥ ಘಾಟು.
ಎಡಗಿವಿಯಲ್ಲಿ ಎರಡು ಕಚ್ಚು.
ಮುದುಕ ಆ ಕಿವಿಯನ್ನು ಕೇಳಿ ಪಡೆದು
ಜೇಬಿಗೆ ಹಾಕಿಕೊಂಡ.

ನನಗೋ ಮೊಂಡು. ಮುಂಗಾಲಿನ ತುಂಡೊಂದನ್ನು ಕ್ಯಾಂಪಿಗೆ ತಂದು
ಹಸಿ ಪಪ್ಪಾಯಿ ತಿಕ್ಕಿ ಕುಕ್ಕರಿಗೆ ಹಾಕಿದೆ.
ಆರು ಸೀಟಿ. ರಬ್ಬರು.
ಹತ್ತು. ಚಪ್ಪಲಿ.
ಹದಿನಾಲ್ಕನೆಯದಕ್ಕೆ ನೀರು ಬತ್ತಿ ತಳ ಹಿಡಿಯಿತು,
ಪಕ್ಕದ ಕೋಣೆಯ ಬಂಗಾಲಿಗಳು ಮೂಗು ಮುಚ್ಚಿ ಹೊರಗೆ ನಡೆದರು,
ತುಂಡು ಮಾತ್ರ ಹಾಗೇ,
ಬಂಡೆಯ ಮೇಲೆ ನಿಂತ ಹಾಗೇ.

ಮುದುಕ ಕರಿಮೆಣಸು ಕುಟ್ಟಿಸಿದ, ಜೀರಿಗೆ, ಏಲಕ್ಕಿ,
ಬೊಗಸೆ ತುಂಬ ಬೆಳ್ಳುಳ್ಳಿ,
ಖರ್ಜೂರದ ಹುಳಿನೀರು, ಕರ್ರಗೆ ಒಣಗಿದ ನಿಂಬೆಯ ಪುಡಿ.
ರಾತ್ರಿಯೆಲ್ಲ ನೆನೆಯಿತು. ಬಾಳೆಲೆಯಲ್ಲಿ ಸುತ್ತಿ
ಖರ್ಜೂರದ ಗರಿಯ ಚೀಲದಲ್ಲಿ ಹೊಲಿದು
ಕೇರಿಯವರ ಚೀಲಗಳ ಜೊತೆ ಗುಂಡಿಗಿಳಿಸಿದೆವು.
ನಮ್ಮ ಚೀಲಕ್ಕೆ ಗುರುತು, ಅದೇ ಎರಡು ಕಚ್ಚು.
ಒಳಗೆ ಸಮ್ರ್ ಮರದ ಕೆಂಡ, ನಮ್ಮ ಜಾಲಿಯ ದಾಯಾದಿ.
ತಗಡು ಮುಚ್ಚಿ, ಮಣ್ಣು ಮೆತ್ತಿದ ಮೇಲೆ
ಹುಡುಗರು ಮಂಡಿಯೂರಿ ಹೊಗೆ ಹುಡುಕಿದರು:
ಒಂದೆಳೆ ಹೊರಬಂದರೂ ಒಳಗೆ ಗಾಳಿ ಹೊಕ್ಕಿತೆಂದು ಅರ್ಥ,
ಎಲ್ಲ ಬೂದಿ.

ಎರಡು ರಾತ್ರಿ.

ತೆಗೆದಾಗ ಮೂಳೆ ತಾನೇ ಜಾರಿತು.
ತಟ್ಟೆಯ ಸುತ್ತ ಒಂಬತ್ತು ಜನ. ಖಲ್ಫಾನ್ ಮಾಂಸ ಮುಟ್ಟಲಿಲ್ಲ,
ಬಾಯಲ್ಲಿ ಒಂದೂ ಹಲ್ಲಿಲ್ಲ.
ರಸದಲ್ಲಿ ಕಲಸಿದ ಅನ್ನ ಹೀರುತ್ತಾ
ನನ್ನ ದವಡೆಯನ್ನೇ ನೋಡುತ್ತಿದ್ದ. "ಹೇಳು."

ಚೆನ್ನಾಗಿದೆ ಅಂದೆ, ಅವನ ಭಾಷೆಯಲ್ಲಿ.
"ಅದನ್ನು ಎಲ್ಲರೂ ಹೇಳುತ್ತಾರೆ."
ಮತ್ತೆ ಅಗಿದೆ. ಗಬ್ಬು ಇತ್ತು, ದೂರದಲ್ಲಿ,
ಮಂದೆ ದಾಟಿ ಹೋದ ಮೇಲೆ ದಾರಿಯಲ್ಲಿ ಉಳಿಯುವಷ್ಟು.
ಎಳೆ ಎಳೆಯಾಗಿ ಬಿಟ್ಟುಕೊಂಡರೂ ಎಳೆಯೊಳಗೆ ಹಟ.
ಹುಳಿ ಇಳಿದ ಮೇಲೆ, ಖಾರ ಇಳಿದ ಮೇಲೆ,
ನಾಲಗೆಯ ಎರಡೂ ಬದಿಯನ್ನು ಯಾರೋ ಮೆಲ್ಲಗೆ ಹಿಡಿದು ಎಳೆದಂತೆ,
ಎಳೆ ಜಾಲಿಕಾಯಿ ಕಚ್ಚಿದಂತೆ...
ಹನ್ನೊಂದು ವರ್ಷದ ನನ್ನ ಅರಬ್ಬಿಯಲ್ಲಿ ಅದಕ್ಕೆ ಪದವಿರಲಿಲ್ಲ.
ಸಿಮೆಂಟಿಗೆ ಇದೆ, ಸಂಬಳಕ್ಕೆ ಇದೆ, ಜ್ವರಕ್ಕೆ ಇದೆ.

"ಒಗರು," ಅಂದೆ.
"ಒಗ್ರು?"
"ಒಗರು."
ಅವನು ಅದನ್ನು ಬಾಯಿಗೆ ಹಾಕಿಕೊಂಡ,
ಈ ವಸಡಿನಿಂದ ಆ ವಸಡಿಗೆ ಹೊರಳಿಸಿದ.
ಕೈ ಜೇಬಿನಲ್ಲೇ ಇತ್ತು.

ಮರುದಿನ ಕ್ಯಾಂಪಿನಲ್ಲಿ ಎಂದಿನ ಬ್ರೆಜಿಲ್ ಕೋಳಿ,
ಒಂದೊಂದೂ ಒಂಬೈನೂರು ಗ್ರಾಂ, ಎಲ್ಲಕ್ಕೂ ಒಂದೇ ವಯಸ್ಸು.
ಎರಡನೇ ಸೀಟಿಗೆ ಒಲೆ ಆರಿಸಿ
ಹಲ್ಲಿನ ಸಂದಿಯ ಎಳೆಯೊಂದನ್ನು
ನಾಲಗೆಯಿಂದ ಮುಟ್ಟಿ ನೋಡಿದೆ.
ತೆಗೆಯಲಿಲ್ಲ.